ಹುಣಿಸೆ ಬೀಜದ ರಮ್ಮಿ

೧೯೬೩, ಜುಲೈ ೮, ಸೋಮವಾರ

ಅರ್ಜಿ ಹೋಯಿತು. ಮಹಿಳಾ ಸಮಾಜದ ಹೆಂಗಸರೆಲ್ಲ ರುಜು ಹಾಕಿದರು. ಬರೆದವಳು ನಾನು. ಅಧ್ಯಕ್ಷೆ ಇರುವಾಗ ಬೇರೆ ಯಾರು ಬರೆಯಬೇಕು? ನಮ್ಮ ಸೀಮೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೆಂಬುದನ್ನು ಜಯನಗರದವರು ಆಗಾಗ ಮರೆಯುತ್ತಾರೆ. ಮರೆಯದಂತೆ ನಾನೇ ನೋಡಿಕೊಳ್ಳಬೇಕಾಗುತ್ತದೆ.

ವಿಷಯ ಇಸ್ಪೀಟು. ಬಡಾವಣೆ ಸಂಘದ ವಾಚನಾಲಯಕ್ಕೆ ಮೂರು ಗಂಟೆಗೆ ಹೋದ ಗಂಡಸರು ದೀಪ ಹಚ್ಚುವ ಹೊತ್ತಿಗೆ ಹೊರಗೆ ಬರುತ್ತಾರೆ. ನಮ್ಮ ಯಜಮಾನರೂ ಅವರಲ್ಲೊಬ್ಬರು. ಪೇಪರ್ ಓದಲು ಹೋಗುತ್ತೇನೆ ಎನ್ನುತ್ತಾರೆ. ಮೊನ್ನೆ ಪೇಪರಿನಲ್ಲಿ ಏನಿತ್ತು ಎಂದು ಕೇಳಿದೆ. "ಮಳೆ," ಎಂದರು. ಮಳೆ ಆಗ ನಮ್ಮ ಅಂಗಳದಲ್ಲೇ ಸುರಿಯುತ್ತಿತ್ತು.

ಶಾಸಕ ಚನ್ನಬಸವಯ್ಯ ನನ್ನ ತವರಿನ ಕಡೆಯವನು. ನಮ್ಮ ತಂದೆಯ ಶಾಲೆಯಲ್ಲಿ ಮಗ್ಗಿ ಬಾರದೆ ಬೆಂಚಿನ ಮೇಲೆ ನಿಂತವನು. ಜೂಜಿನ ಮೇಲೆ ಹೊಸ ಬಿಲ್ಲು ಬರುತ್ತಿದೆಯಂತೆ, ಅದನ್ನು ನೋಡುವ ಸಮಿತಿಯಲ್ಲಿ ಅವನೂ ಇದ್ದಾನೆ. 'ಇಸ್ಪೀಟು ಸಂಸಾರಕ್ಕೆ ಹಿಡಿದ ಕ್ಷಯರೋಗ. ಎಲ್ಲ ಬಗೆಯ ಎಲೆಯಾಟವನ್ನೂ ನಿಲ್ಲಿಸಬೇಕು' ಎಂದು ಬರೆದೆ. ಕ್ಷಯರೋಗದ ಮಾತು ನನಗೇ ಹಿಡಿಸಿತು. ಎರಡು ಸಲ ಓದಿದೆ.

ಮೊದಲ ಹೆಬ್ಬೆಟ್ಟು ನಮಗೆ ಸೊಪ್ಪು ತಂದುಕೊಡುವ ಇಟ್ಟಮಡುವಿನ ಮಂಗಮ್ಮನದು. ಅವಳ ಗಂಡ ಬೋರಣ್ಣ ತೋಪಿನಲ್ಲಿ ಮೂರೆಲೆ ಆಡಿ ಎತ್ತು, ಗಾಡಿ, ಕೊನೆಗೆ ಅವಳ ಕಿವಿಯ ಓಲೆಯನ್ನೂ ಕಳೆದು ಊರು ಬಿಟ್ಟು ಹೋದ. ಕಾಗದ ಹರಿದುಹೋಗುವ ಹಾಗೆ ಒತ್ತಿದಳು.

ಜುಲೈ ೧೫, ಸೋಮವಾರ

ಗೆದ್ದೆವು. ಬಿಲ್ಲಿನ ಸುದ್ದಿ ಕೇಳಿಯೇ ಸಂಘದ ಅಧ್ಯಕ್ಷರು ಹೆದರಿ, ಇಸ್ಪೀಟಿನ ಮೇಜನ್ನು ಕೋಣೆಗೆ ಹಾಕಿ ಬೀಗ ಜಡಿದರಂತೆ.

ಯಜಮಾನರು ಹೋದ ದಾರಿಯಲ್ಲೇ ವಾಪಸು ಬಂದರು.

"ಸಂಘ ತೆಗೆದಿಲ್ವಾ?" ಎಂದೆ.

"ತೆಗೆದಿದೆ. ಪೇಪರ್ ಇದೆ," ಎಂದರು.

ಅರ್ಜಿ ಬರೆದವರು ಯಾರೆಂದು ಅವರಿಗೆ ಗೊತ್ತು. ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಜನವೂ ಅಲ್ಲ. ಹಗಲು ಹೊತ್ತಿನಲ್ಲಿ ಗಂಡ ಮನೆಯಲ್ಲಿರುವುದು ಮರ್ಯಾದಸ್ಥ ಮನೆಯ ಲಕ್ಷಣ. ಕೇಸರಿಬಾತು ಮಾಡಿದೆ.

ಜುಲೈ ೧೮, ಗುರುವಾರ

ಇಂದು ಅಡುಗೆಮನೆಯ ಒಳಗೇ ಬಂದರು.

"ಇದೇನು?"

"ಮೆಂತ್ಯ."

"ಅದು?"

"ಅದೂ ಮೆಂತ್ಯ."

"ಎರಡು ಕಡೆ ಯಾಕೆ?"

ಸರ್ಕಾರದ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎರಡು ಕಡೆ ಮೆಂತ್ಯ ಇರುವುದನ್ನು ಅವರ ಮನಸ್ಸು ಒಪ್ಪುವುದಿಲ್ಲ. ಸಂಜೆಯೊಳಗೆ ಗೋಂದು, ಕತ್ತರಿ, ಬಿಳಿ ಕಾಗದ ತಂದು ಪ್ರತಿ ಡಬ್ಬಿಗೂ ನಂಬರಿನ ಚೀಟಿ ಅಂಟಿಸಿದರು. ಚೀಟಿಯಲ್ಲಿ ಹೆಸರಿಲ್ಲ, ಬರೀ ನಂಬರು. ಸಾರಿನ ಪುಡಿ ಎಲ್ಲಿ ಎಂದರೆ "ಕೇಳಿಸ್ತಾ, ಹದಿನಾರು ನೋಡು," ಎನ್ನುತ್ತಾರೆ.

ಮದುವೆಯಾದಾಗಿನಿಂದ ನನ್ನನ್ನು ಕರೆಯುವುದೇ 'ಕೇಳಿಸ್ತಾ' ಎಂದು. ನೀಲಗಂಗಮ್ಮ ಎಂಬ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ. ಅವರ ಹೆಸರು ನನ್ನ ಬಾಯಲ್ಲೂ ಬಂದಿಲ್ಲ. ನಮ್ಮಲ್ಲಿ ಹಾಗೇ.

ಜುಲೈ ೨೦, ಶನಿವಾರ

ಒಗ್ಗರಣೆಗೆ ಸಾಸಿವೆ ಎಷ್ಟು ಹಾಕುತ್ತೀ ಎಂದು ಕೇಳಿದರು. ಹೇಳಲಿಲ್ಲ.

ಜುಲೈ ೨೬, ಶುಕ್ರವಾರ

ಡಬ್ಬಿಗಳು ಮುಗಿದವು. ಈಗ ಅಡುಗೆಮನೆಗೂ ಬರುವುದಿಲ್ಲ.

ಮೂರು ಗಂಟೆಗೆ ಕೋಟು ಹಾಕಿಕೊಳ್ಳುತ್ತಾರೆ. ಜಗಲಿಯ ಕುರ್ಚಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂರುತ್ತಾರೆ. ದೀಪ ಹಚ್ಚಿದ ಮೇಲೆ ಕೋಟು ಬಿಚ್ಚುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ, ಬಡಿಸಿದ್ದರಲ್ಲಿ ಅರ್ಧ ಬಿಡುತ್ತಾರೆ. ನನ್ನ ಕೈಯ ಹುಳಿಯನ್ನು ಬಿಟ್ಟವರನ್ನು ನಾನು ನೋಡಿಲ್ಲ.

ಡಾಕ್ಟರನ್ನು ಕರೆಸಿದೆ. ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ನೋಡಿದರು. "ಕಾಯಿಲೆ ಏನಿಲ್ಲಮ್ಮ, ವಯಸ್ಸಾದವರು. ಹೀಗೇ ಸುಮ್ಮನೆ ಕೂತುಬಿಟ್ಟರೆ ಒಳ್ಳೇದಲ್ಲ. ಮಾತಾಡಿಸ್ತಿರಿ," ಎಂದರು. ಮಾತಾಡಿಸುವುದು ಹೇಗೆ? ಮಳೆ ಬರುವ ಹಾಗಿದೆ ಎಂದೆ. ಹೂಂ ಎಂದರು. ಅಲ್ಲಿಗೆ ಮುಗಿಯಿತು.

ಜುಲೈ ೨೯, ಸೋಮವಾರ

ಶ್ರಾವಣ ಸೋಮವಾರ. ಪೂಜೆ ಮುಗಿಸಿ ಬಂದರೆ ಗೇಟಿನ ಹೊರಗೆ ಇಬ್ಬರು ನಿಂತಿದ್ದಾರೆ. ಒಬ್ಬರು ಇಟ್ಟಮಡುವಿನ ಜಮೀನ್ದಾರ ತಿಮ್ಮರಾಯಪ್ಪ. ಇನ್ನೊಬ್ಬರು ಅಂಚೆ ಕಚೇರಿಯಿಂದ ನಿವೃತ್ತರಾದ ಕಿಟ್ಟಿ. ಅರವತ್ತು ದಾಟಿದರೂ ಊರಿಗೆಲ್ಲ ಕಿಟ್ಟಿಯೇ. ಸಂಘದ ಮೇಜಿನ ಉಳಿದೆರಡು ಕಾಲುಗಳು.

"ಅಮ್ಮಾವ್ರೇ, ವಸಿ ಗುರುಬಸಪ್ನೋರ್ನ ನೋಡ್ಕೊಂಡ್ ಹೋಗಾನ ಅಂತ," ಎಂದರು ತಿಮ್ಮರಾಯಪ್ಪ.

"ನೋಡಿ. ಅಲ್ಲೇ ಕೂತಿದ್ದಾರೆ."

"ನೋಡಾಯ್ತು," ಎಂದರು ಕಿಟ್ಟಿ. ಇಬ್ಬರೂ ಅಲ್ಲಾಡಲಿಲ್ಲ. ಕಿಟ್ಟಿಯ ಜೇಬು ಚೌಕವಾಗಿ ಉಬ್ಬಿತ್ತು.

ಕುರ್ಚಿಯ ಕಡೆ ನೋಡಿದೆ. ಯಜಮಾನರು ಎದ್ದು ನಿಂತಿದ್ದರು. ಮೂರು ದಿನದಿಂದ ಯಾರು ಬಂದರೂ ಎದ್ದಿರಲಿಲ್ಲ.

ಷರತ್ತು ಹೇಳಿದೆ. ಆಟ ಜಗಲಿಯಲ್ಲಿ, ಬೀದಿಗೆ ಕಾಣುವ ಹಾಗೆ. ಕದ್ದುಮುಚ್ಚಿ ಮಾಡುವುದು ನಮ್ಮ ಮನೆಯಲ್ಲಿಲ್ಲ. ಕಾಸು ಕಣ್ಣಿಗೆ ಬಿದ್ದರೆ ಕಾಫಿ ಬಂದ್. ಪಣಕ್ಕೆ ಹುಣಿಸೆ ಬೀಜ ಕೊಡುತ್ತೇನೆ. ನಶ್ಯ ಗೇಟಿನ ಆಚೆ.

"ನಶ್ಯನೂವಾ?" ಎಂದರು ಕಿಟ್ಟಿ.

"ನಶ್ಯ ಮೊದಲು."

ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಆಗ ಜಗಲಿಯಲ್ಲಿ ಯಾರೋ ನಕ್ಕರು. ದೊಡ್ಡ ನಗು, ಕೊನೆಗೆ ಕೆಮ್ಮಿಗೆ ತಿರುಗುವಂಥದು. ಗೊತ್ತಿಲ್ಲದವರು ಯಾರೋ ಬಂದಿದ್ದಾರೆಂದು ಸೆರಗು ಸರಿಮಾಡಿಕೊಂಡು ಬಂದು ನೋಡಿದೆ. ಮೂವರೇ ಇದ್ದರು. ನಕ್ಕವರು ನಮ್ಮವರು.

ಹಾಲು ಉಕ್ಕಿಹೋಯಿತು. ಒಲೆ ತೊಳೆಯುವ ಕೆಲಸ ಹೆಚ್ಚಾಯಿತು.

ಆಗಸ್ಟ್ ೫, ಸೋಮವಾರ

ಬೆಳಕು ಚೆನ್ನಾಗಿದೆಯೆಂದು ಅಕ್ಕಿಯ ಮೊರವನ್ನು ಜಗಲಿಗೆ ತಂದುಕೊಂಡೆ. ಆಟದ ಮೇಲೆ ನನಗೇನೂ ಗಮನವಿರಲಿಲ್ಲ. ಆದರೂ ಕಣ್ಣಿದ್ದ ಮೇಲೆ ಕಾಣುತ್ತದೆ. ರಮ್ಮಿ ಕಷ್ಟದ್ದೇನಲ್ಲ. ಕೈಯಲ್ಲಿ ಹದಿಮೂರು ಎಲೆ, ಒಂದು ಎತ್ತಿಕೊಳ್ಳುವುದು, ಒಂದು ಬಿಡುವುದು, ಬಣ್ಣ ಬಣ್ಣಕ್ಕೆ ಸಾಲು ಹೊಂದಿಸುವುದು. ಎದುರಿನವರು ಎತ್ತಿಕೊಂಡದ್ದನ್ನು ಮರೆಯುವವರು ಸೋಲುತ್ತಾರೆ. ತಿಮ್ಮರಾಯಪ್ಪ ಎಲ್ಲವನ್ನೂ ಮರೆಯುತ್ತಾರೆ. ಕಿಟ್ಟಿಗೆ ಗೆಲ್ಲಲು ಒಂದೇ ಎಲೆ ಬಾಕಿ ಇದ್ದಾಗ ಕೈ ತಾನಾಗಿ ನಶ್ಯದ ಡಬ್ಬಿ ಹುಡುಕುತ್ತದೆ.

ಯಜಮಾನರು ಆಟೀನ್ ಏಳನ್ನು ಬಿಡಲು ಹೊರಟಿದ್ದರು.

"ಏಳು ಬಿಡಬೇಡಿ," ಎಂದೆ. ಬಾಯಿಗೆ ಬಂದುಬಿಟ್ಟಿತು.

ಮೂವರೂ ತಿರುಗಿ ನೋಡಿದರು. ಯಜಮಾನರು ಏಳನ್ನು ವಾಪಸು ಸಿಕ್ಕಿಸಿ ಕಳಾವರ್ ರಾಜನನ್ನು ಬಿಟ್ಟರು. ಕಿಟ್ಟಿಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಹೇಗೆ ಗೊತ್ತಾಯ್ತು?" ಎಂದರು ಯಜಮಾನರು.

"ಅವರು ಆಗಲೇ ಎಂಟು ಎತ್ತಿಕೊಂಡಿಲ್ವಾ? ಅಕ್ಕಿಯಲ್ಲಿ ಕಲ್ಲು ಆರಿಸುವವಳಿಗೆ ಅಷ್ಟು ಕಾಣದಾ?"

"ಗುರುಬಸಪ್ನೋರೇ, ಇದು ಮೋಸ," ಎಂದರು ಕಿಟ್ಟಿ. "ನೀವು ಇಬ್ರು, ನಾನು ಒಬ್ಬ."

ಆಗಸ್ಟ್ ೯, ಶುಕ್ರವಾರ

ಕಿಟ್ಟಿಗೆ ಜ್ವರ. ಇಬ್ಬರೇ ಆಡಿದರೆ ಆಟ ಸಪ್ಪೆಯೆಂದು ತಿಮ್ಮರಾಯಪ್ಪ ಗೋಳಾಡಿದರು. ಮನೆಗೆ ಬಂದವರು ಬೇಜಾರಿನಿಂದ ಹೋಗಬಾರದೆಂದು ಕೂತೆ. ಬೀಜವೆಲ್ಲ ನನ್ನ ಕಡೆ ಬಂತು.

"ಹೊಸಬ್ರ ಕೈಗೆ ಅದೃಷ್ಟ ಬತ್ತದೆ," ಎಂದರು ತಿಮ್ಮರಾಯಪ್ಪ.

ನನಗೆ ಕೋಪ ಬಂತು. ಒಂದೇ ಅಕ್ಕಿ, ಒಂದೇ ಬೇಳೆ ಕೊಟ್ಟು ಇಬ್ಬರು ಸೊಸೆಯರನ್ನು ಒಲೆಯ ಮುಂದೆ ಕೂರಿಸಿದರೆ ಎರಡು ಥರದ ಹುಳಿಯನ್ನ ಆಗುತ್ತದೆ. ಅದು ಅಕ್ಕಿಯ ಅದೃಷ್ಟವಾ? ಹಾಗೆಂದು ಹೇಳಿದೆ. ಯಜಮಾನರು ನನ್ನನ್ನೇ ನೋಡುತ್ತಾ ಕೂತಿದ್ದರು, ಎಲೆ ಹಾಕುವುದನ್ನೂ ಮರೆತು.

ಗೆದ್ದ ಬೀಜವನ್ನು ಹುರಿದು ಇಬ್ಬರಿಗೂ ಕೊಟ್ಟೆ. ತಿಮ್ಮರಾಯಪ್ಪನಿಗೆ ಹಲ್ಲಿಲ್ಲ. ತಪ್ಪು ನನ್ನದಲ್ಲ.

ಆಗಸ್ಟ್ ೧೩, ಮಂಗಳವಾರ

ಪೇಪರಿನಲ್ಲಿ ನನ್ನ ಮಾತು ಬಂದಿದೆ. ಚನ್ನಬಸವಯ್ಯ ವಿಧಾನಸೌಧದಲ್ಲಿ ಎದ್ದು ನಿಂತು, 'ಇಸ್ಪೀಟು ಸಂಸಾರಕ್ಕೆ ಹಿಡಿದ ಕ್ಷಯರೋಗ ಎಂದು ಜಯನಗರದ ತಾಯಂದಿರು ಕಣ್ಣೀರಿಟ್ಟಿದ್ದಾರೆ' ಎಂದನಂತೆ. ಕಣ್ಣೀರು ಅವನದೇ ಸೇರ್ಪಡೆ. ಸಭೆ ಮೇಜು ಕುಟ್ಟಿತಂತೆ.

ಅರೆಗಳಿಗೆ ಹೆಮ್ಮೆಯಾಯಿತು. ಮುಂದಿನ ಸಾಲು ಓದಿದೆ. ಸಂಘವಷ್ಟೇ ಅಲ್ಲ, ಮನೆ, ಜಗಲಿ, ತೋಟ, ಎಲ್ಲಿ ಎಲೆ ಹರಡಿದರೂ ಅಪರಾಧವೆಂದು ಬಿಲ್ಲಿಗೆ ಸೇರಿಸಬೇಕೆಂದು ಅವನ ಸೂಚನೆ. ಪಣಕ್ಕೆ ಏನಿಟ್ಟರೂ ಸರಿಯೆ.

ಯಜಮಾನರೂ ಓದಿದರು. ಪೇಪರನ್ನು ನಾಲ್ಕಾಗಿ ಮಡಿಸಿದರು. ಎಲೆಗಳನ್ನು ಒಂದು ಖಾಲಿ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನಂಬರಿನ ಚೀಟಿ ಅಂಟಿಸಿ, ಅಟ್ಟದ ಮೇಲಿಟ್ಟರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ.

ಮೂರು ಗಂಟೆಗೆ ಕೋಟು ಹಾಕಿಕೊಳ್ಳಲಿಲ್ಲ.

ಆಗಸ್ಟ್ ೧೪, ಬುಧವಾರ

ತಿಮ್ಮರಾಯಪ್ಪನ ಗಾಡಿಯಲ್ಲಿ ಇಟ್ಟಮಡುವಿಗೆ ಹೋದೆ. ಮೊದಲ ಹೆಬ್ಬೆಟ್ಟು ಮಂಗಮ್ಮನದು. ಅವಳನ್ನು ಕೇಳದೆ ಆ ಅರ್ಜಿಯನ್ನು ತಿದ್ದುವುದು ನ್ಯಾಯವಲ್ಲ. ಸೊಪ್ಪಿನ ಮಡಿಯಲ್ಲಿ ಕೂತಿದ್ದಳು. ವಿಷಯ ಹೇಳಿದೆ. ಕುಡುಗೋಲು ಕೆಳಗಿಟ್ಟಳು.

"ನಿಮ್ ಯಜಮಾನ್ರು ಮಂಕಾಗೋ ಗಂಟ ಆಟ ಕೆಟ್ಟದ್ದು. ಮಂಕಾದ್ಮೇಲೆ ಒಳ್ಳೇದಾ ಅಮ್ಮಾವ್ರೇ?"

ನನ್ನೊಂದಿಗೆ ಹಾಗೆ ಮಾತಾಡುವ ಧೈರ್ಯ ನನ್ನ ಮಕ್ಕಳಿಗೂ ಇಲ್ಲ. ಹೊರಟುಬಿಡಬೇಕೆಂದು ಕಾಲು ತೆಗೆದೆ.  ಆದರೆ ಉತ್ತರ ಕೊಡದೆ ಹೊರಟು ಹೋಗುವುದು ಸೋತ ಹಾಗೆ. ಮಡಿಯ ಬದುವಿನ ಮೇಲೆ ಕೂತೆ.

"ಆಟ ತೋರ್ಸಿ ನೋಡಾನ," ಎಂದಳು.

ಸೆರಗು ಹಾಸಿ ಎಲೆ ಹಂಚಿದೆ. ಅಟ್ಟದಿಂದ ತೆಗೆದು ತಂದಿದ್ದೆ. ಅವಳು ಎಲೆ ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು. ನಾನು ಎರಡು ಕೈಯನ್ನೂ ಆಡಿ ತೋರಿಸಿದೆ. ತುಂಬ ಹೊತ್ತಾದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಇದ್ರಲ್ಲಿ ಎಲೆ ಸರಿ ಬರ್ನಿಲ್ಲ ಅಂದ್ರೆ ಎದ್ದೋಗ್ಬೌದಾ?"

"ಹೋಗಬಹುದು. ನಾಲ್ಕು ಬೀಜ ಕೊಟ್ಟು ಎಲೆ ಕೆಳಗಿಟ್ಟರೆ ಆಯ್ತು."

"ನಮ್ಮನೇರ್ನ ಏಳಕ್ಕೇ ಬುಡ್ತಿರ್ಲಿಲ್ಲ. ಎದ್ರೆ ಗಂಡ್ಸಲ್ಲ ಅನ್ನೋರು. ತೋಪಿನೋನು ಕೂತ್ಕಡೇನೇ ಸಾಲ ಕೊಡೋನು." ಮಣ್ಣಿನ ಕೈಯಲ್ಲಿ ಖಾಲಿ ಕಿವಿ ಮುಟ್ಟಿಕೊಂಡಳು. "ಅದ್ನ ಮುಚ್ಬೇಕು. ಅದು ಮೊದ್ಲು ಬರೀರಿ. ಆಮೇಲೆ ನಿಮ್ ಬೀಜದಾಟ ಬರ್ಕೊಳಿ. ಹಂಗಾದ್ರೆ ನಾನೂ ಬತ್ತೀನಿ."

ಹಾಗೇ ಬರೆದೆ. ಸಮಾಜದ ಹೆಂಗಸರು ಅರ್ಧ ಜನ ರುಜು ಹಾಕಿದರು. ಉಳಿದರ್ಧ ಜನ ನನ್ನ ಬೆನ್ನ ಹಿಂದೆ ನಕ್ಕರು. ನಗಲಿ.

ಆಗಸ್ಟ್ ೧೭, ಶನಿವಾರ

ಹೊಸ ಅರ್ಜಿ ಹಿಡಿದು ಹೋದಾಗ ಚನ್ನಬಸವಯ್ಯ ಎಲೆಯಾಟವೆಲ್ಲ ಬರೀ ಅದೃಷ್ಟ ಎಂದರೆ ಏನು ಹೇಳುವುದು? ಸೊಸೆಯರ ಹುಳಿಯನ್ನದ ಮಾತನ್ನೇ ಹೇಳುತ್ತೇನೆ ಎಂದೆ. ಯಜಮಾನರು ಎದ್ದು ಹೋಗಿ ಎಲೆಯ ಡಬ್ಬಿ ತಂದು ಮುಂದಿಟ್ಟರು. ಆಮೇಲೆ, "ಕೇಳಿಸ್ತಾ, ಎರಡು ಕಟ್ಟು ಎಲೆ ತಗೊಂಡು ಎರಡನ್ನೂ ಒಂದೇ ಕ್ರಮದಲ್ಲಿ ಜೋಡಿಸಿಡ್ತೀನಿ. ಒಂದು ಕಟ್ಟು ಆಡಿ. ಆಮೇಲೆ ಜಾಗ ಬದಲಾಯಿಸಿ ಇನ್ನೊಂದು ಆಡಿ. ಅವನಿಗೆ ಬಂದ ಎಲೆ ನಿನಗೆ, ನಿನಗೆ ಬಂದದ್ದು ಅವನಿಗೆ," ಎಂದರು.

ಅಷ್ಟು ಉದ್ದದ ಮಾತನ್ನು ನನ್ನೊಂದಿಗೆ ಎಂದೂ ಆಡಿರಲಿಲ್ಲ. ಊಟದಲ್ಲಿ ಹುಳಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಈ ಸಲದ ಬೇಳೆ ಚೆನ್ನಾಗಿದೆ.

ಆಗಸ್ಟ್ ೨೧, ಬುಧವಾರ

ಶಾಸಕರ ಭವನ. ನಾನು, ಯಜಮಾನರು, ಮಂಗಮ್ಮ. ಬೆಳಿಗ್ಗೆಯೇ ಬಾಗಿಲಲ್ಲಿ ಜನವೋ ಜನ. ಎಲ್ಲರ ಕೈಯಲ್ಲೂ ನಿಂಬೆಹಣ್ಣು, ಹಾರ. ನಾನು ಹಾರ ತರಲಿಲ್ಲ. ಬೆಂಚಿನ ಮೇಲೆ ನಿಂತವನಿಗೆ ಎಂಥ ಹಾರ?

"ಬನ್ನಿ ನೀಲಕ್ಕ! ನಿಮ್ಮ ಮಾತು ಭರ್ಜರಿ ಹೋಯ್ತು ಸಭೇಲಿ," ಎಂದ.

"ಆ ಮಾತು ವಾಪಸು ತಗೊಳ್ಳೋಕೆ ಬಂದೆ."

ಅವನು ಫೈಲಿನಿಂದ ಅರ್ಜಿ ಎಳೆದು ಎಲ್ಲರ ಎದುರೂ ಹಿಡಿದ. "ಇದು ನಿಮ್ಮ ಅಕ್ಷರ ತಾನೆ ಅಕ್ಕ?"

ಕೋಣೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಇಂಥ ಗಳಿಗೆ ನನ್ನ ಜೀವಮಾನದಲ್ಲಿ ಬಂದಿರಲಿಲ್ಲ. ಯಜಮಾನರು ಒಂದು ಹೆಜ್ಜೆ ಹತ್ತಿರ ಬಂದು ನಿಂತರು. 

"ನನ್ನದೇ. ಅಕ್ಷರ ಚೆನ್ನಾಗಿದೆ, ರೋಗ ತಪ್ಪು," ಎಂದೆ. "ನಾಡಿ ಇನ್ನೊಂದು ಸಲ ನೋಡಿದೆ. ಮೂರೆಲೆಗೆ ಕ್ಷಯ. ರಮ್ಮಿಗೆ ಬರೀ ನೆಗಡಿ."

"ಅಕ್ಕ, ಎಲೆಯಾಟ ನಮ್ಮ ಸಂಸ್ಕೃತಿ ಅಲ್ಲ..."

"ಶಿವರಾತ್ರಿ ಜಾಗರಣೆಗೆ ನಿಮ್ಮಪ್ಪ ನಮ್ಮ ಹಜಾರದಲ್ಲಿ ಕೂತು ಏನು ಆಡ್ತಿದ್ದ? ವಚನ ಹಾಡ್ತಿದ್ನಾ?"

ಹಾರದವರಲ್ಲಿ ಯಾರೋ ನಕ್ಕರು. ಚನ್ನಬಸವಯ್ಯ ಬಾಗಿಲು ಹಾಕಿಸಿದ.

ಆಟ ಬರೀ ಅದೃಷ್ಟ ಎಂದೇ ಅಂದ. ಯಜಮಾನರು ಎರಡು ಕಟ್ಟು ಹೊರಗೆ ತೆಗೆದರು. ಮೊದಲ ಕಟ್ಟಿನಲ್ಲಿ ಗೆದ್ದೆ. ಜಾಗ ಬದಲಾಯಿಸಿದೆವು. ಅವನು ಸೋತ ಎಲೆಯನ್ನೇ ಹಿಡಿದು ಎರಡನೆಯದನ್ನೂ ಗೆದ್ದೆ. ಮೊದಲ ಸಲ ಅವನ ಕೈಯಲ್ಲಿ ಆಟೀನ್ ರಾಜ, ಗುಲಾಮ ಇಬ್ಬರೂ ಇದ್ದರು. ರಾಣಿ ಬರುವವರೆಗೆ ಕಾಯದೆ ಇಬ್ಬರನ್ನೂ ಬಿಸಾಡಿದವನು ಅವನೇ. ಎರಡನೆಯ ಸಲ ನಾನು ಕಾದೆ.

"ಮೊದಲನೇ ಆಟದ ಎಲೆ ನೆನಪಿಟ್ಕೊಂಡ್ರಿ ನೀವು!" ಎಂದ.

"ನೀನೂ ನೋಡಿದೆಯಲ್ಲ, ನೀನ್ಯಾಕೆ ಇಟ್ಕೊಳ್ಳಲಿಲ್ಲ? ನೆನಪು ಅದೃಷ್ಟವೇನೋ? ಮಗ್ಗಿಯಲ್ಲೂ ಹಿಂಗೇ ಮಾಡ್ತಿದ್ದೆ."

ಕೊನೆಗೆ ಅವನನ್ನು ಒಪ್ಪಿಸಿದವಳು ಮಂಗಮ್ಮ. ಗೋಡೆಗೆ ಒರಗಿ ನಿಂತಿದ್ದವಳು ಮುಂದೆ ಬಂದಳು. "ಸಾಮಿ, ನನ್ ಹೆಬ್ಬೆಟ್ಟು ಹಂಗೇ ಇರ್ಲಿ. ಮೂರೆಲೆ ಆಡ್ಸೋರ್ನ, ಕೂಡ್ಸಿ ಕಾಸು ತಿನ್ನೋರ್ನ ಬುಡ್ಬ್ಯಾಡಿ. ಇವ್ರದು ಹುಣ್ಸೆ ಬೀಜ. ಅದ್ರಿಂದ ಯಾರ್ ಓಲೆನೂ ಹೋಗಕಿಲ್ಲ. ಎಲ್ಲಾರ್ನೂ ಒಂದೇ ಹಗ್ಗದಾಗೆ ಕಟ್ಟಿದ್ರೆ ಕಳ್ಳ ನುಸುಳ್ಕೊಂಡೋಯ್ತಾನೆ, ಇಂಥೋರು ಸಿಕ್ಕಾಕೋತಾರೆ."

ಚನ್ನಬಸವಯ್ಯ ಪೆನ್ನು ತೆಗೆದ.

ಬಸ್ಸಿನಲ್ಲಿ ಮಂಗಮ್ಮನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಸೀಟು ಬೇರೆ ಇರಲಿಲ್ಲ ಅಂತಲ್ಲ.

ಸೆಪ್ಟೆಂಬರ್ ೯, ಸೋಮವಾರ

ಬಿಲ್ಲು ಪಾಸಾಯಿತು. ಆಡಿಸಿ ಕಾಸು ತೆಗೆಯುವವರಿಗೆ, ಮೂರೆಲೆಯಂಥ ಜೂಜಿಗೆ ಶಿಕ್ಷೆ. ಬುದ್ಧಿಯಿಂದ ಆಡುವ ಆಟಕ್ಕೆ ಅಡ್ಡಿಯಿಲ್ಲ. ಸೊಪ್ಪು ತಂದ ಮಂಗಮ್ಮನಿಗೆ ಓದಿ ಹೇಳಿದೆ. ಮೊದಲ ಭಾಗವನ್ನು ಎರಡು ಸಲ ಓದಿಸಿದಳು.

ಸಂಘದ ಅಧ್ಯಕ್ಷರು ಬೀಗ ತೆಗೆದರು. ಮೂರು ಗಂಟೆಗೆ ಯಜಮಾನರು ಕೋಟು ಹಾಕಿಕೊಂಡು ಹೊರಟರು. ಗೇಟಿನ ಹತ್ತಿರ ನಿಂತು ಹಿಂದೆ ತಿರುಗಿ ನೋಡಿದರು. ಕೊಡೆ ಬೇಕಾ ಎಂದೆ. ಬೇಡ ಎಂದರು.

ಸಂಘದ ವಾಚನಾಲಯಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ. ಸರಿಯೇ. ನನಗೆ ಅಲ್ಲಿ ಏನು ಕೆಲಸ?

ಮನೆ ಈಗ ಶಾಂತವಾಗಿದೆ. ನನಗೆ ಬೇಕಾದದ್ದೂ ಇದೇ. ಜಗಲಿ ಎರಡು ಸಲ ಸಾರಿಸಿದೆ. ಕಾಫಿಗೆ ನಾಲ್ಕು ಲೋಟ ನೀರಿಟ್ಟುಬಿಟ್ಟಿದ್ದೆ, ಚೆಲ್ಲಬೇಕಾಯಿತು.

ಸೆಪ್ಟೆಂಬರ್ ೧೦, ಮಂಗಳವಾರ

ಮೂರು ಗಂಟೆ ಹೊಡೆದು ಸ್ವಲ್ಪವೇ ಆಗಿತ್ತು. ಗೇಟು ಸದ್ದಾಯಿತು. ಮೂವರೂ ನಿಂತಿದ್ದರು.

"ಅಲ್ಲಿ ಬೆಳಕು ಸಾಲದು," ಎಂದರು ಯಜಮಾನರು.

"ಕಾಫಿನಾ ಅದು? ದನ ಮೈ ತೊಳ್ದ ನೀರು," ಎಂದರು ತಿಮ್ಮರಾಯಪ್ಪ.

"ನನ್ನ ಪಾಲಿನ ಬೀಜ ನಿಮ್ಮ ಹತ್ತಿರವೇ ಇದೆ ಅಮ್ಮ. ಗೆದ್ದು ತಗೊಳ್ಳದೆ ಜ್ವರ ಪೂರ್ತಿ ಬಿಡಲ್ಲ," ಎಂದರು ಕಿಟ್ಟಿ.

ಮೂರು ಜನ ಗಂಡಸರಿಗೆ ಒಂದು ಕಡೆ ನೆಟ್ಟಗೆ ಕೂರಲು ಬರುವುದಿಲ್ಲವೇ ಎಂದು ಬೈದೆ. ಕಾಲು ತೊಳೆದು ಬನ್ನಿ ಎಂದೆ. ಬೀಜ ತರಲು ಅಡುಗೆಮನೆಗೆ ಹೋದೆ. ಡಬ್ಬಿ ಸಾಲಿನ ಕೊನೆಯಲ್ಲಿ ಬೀಜಕ್ಕೆಂದು ನಾಲ್ಕು ಹೊಸ ಡಬ್ಬಿಗಳು. ಯಾವಾಗ ಇಟ್ಟರೋ. ಇವಕ್ಕೆ ನಂಬರಿಲ್ಲ. ಒಂದರ ಮೇಲೆ ತಿಮ್ಮರಾಯಪ್ಪ, ಒಂದರ ಮೇಲೆ ಕಿಟ್ಟಿ, ಒಂದರ ಮೇಲೆ 'ನಾನು', ಅಂದರೆ ಯಜಮಾನರು. ನಾಲ್ಕನೆಯದರ ಮೇಲೆ, ರೆಕಾರ್ಡ್ ರೂಮಿನ ದುಂಡಕ್ಷರದಲ್ಲಿ, ನೀಲಗಂಗಮ್ಮ.

ಚೀಟಿ ಸ್ವಲ್ಪ ಓರೆಯಾಗಿದೆ. ಒಂದು ಮೂಲೆಯಲ್ಲಿ ಗೋಂದು ಹಿಡಿದಿಲ್ಲ. ನಾಳೆ ನಾನೇ ಸರಿಯಾಗಿ ಅಂಟಿಸುತ್ತೇನೆ, ಬಿದ್ದುಹೋಗದ ಹಾಗೆ.